ರಕ್ತ ತೆಗೆಯುವುದಕ್ಕೂ ಹೊತ್ತು ಗೊತ್ತು ಇರಬೇಕು

"ರಕ್ತ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ" ಎಂಬ ಮಾತು ಸಾಮಾನ್ಯವಾಗಿ ನಮಗೆ ಸಮಾಧಾನ ತರುತ್ತದೆ. ಆದರೆ ಕೆಲವರ ಪಾಲಿಗೆ ಅದೇ ಮಾತು ಅಪವಾದವಾಗಿ ಪರಿಣಮಿಸುವುದುಂಟು. ವೈದ್ಯರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಕರೆಯುವ ದೀರ್ಘ ಬಳಲಿಕೆಯ ಕಾಯಿಲೆಯವರು ಇಂಥವರು. ಬಟ್ಟೆ ಒಗೆದ, ಪೇಟೆಗೆ ಹೋಗಿಬಂದ ಶ್ರಮವೂ ಇವರನ್ನು ಹಾಸಿಗೆ ಹಿಡಿಸಬಲ್ಲುದು. ಆ ಕುಸಿತವಾದರೂ ಕೂಡಲೇ ಬಾರದೆ, ಅನೇಕ ವೇಳೆ 12ರಿಂದ 48 ಗಂಟೆಗಳ ಬಳಿಕ ಬಂದು, ದಿನಗಟ್ಟಲೆ, ವಾರಗಟ್ಟಲೆ ಉಳಿಯುತ್ತದೆ. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ ವರದಿಯು ಇದನ್ನು ರೋಗದ ಮುಖ್ಯ ಲಕ್ಷಣಗಳಲ್ಲಿ ಒಂದೆಂದು ಅಂಗೀಕರಿಸಿತು.

ಹೀಗಿರುವಾಗ ಒಂದೇ ಸಲ ತೆಗೆದ ರಕ್ತ ಏನನ್ನು ಹೇಳೀತು? ಬೇಸಗೆಯಲ್ಲಿ ಹೊಳೆಯನ್ನು ಅಳೆದು ನೆರೆಯೇ ಬರುವುದಿಲ್ಲವೆಂದಂತೆ ಆದೀತು!

ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಅಲನ್ ಲೈಟ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ದಾರಿ ಹಿಡಿಯಿತು. 19 ಮಂದಿ ರೋಗಿಗಳೂ 15 ಮಂದಿ ಆರೋಗ್ಯವಂತರೂ 25 ನಿಮಿಷ ಹದವಾದ ವ್ಯಾಯಾಮ ಮಾಡಿದರು. ವ್ಯಾಯಾಮಕ್ಕೆ ಮೊದಲು ಒಮ್ಮೆ, ಅನಂತರ ಅರ್ಧ, 8, 24 ಮತ್ತು 48 ಗಂಟೆಗಳಿಗೆ ರಕ್ತ ತೆಗೆಯಲಾಯಿತು. ಶ್ರಮದ ಬಳಿಕ ರೋಗಿಗಳ ಬಿಳಿ ರಕ್ತಕಣಗಳಲ್ಲಿ ಕೆಲವು ಜೀನ್‌ಗಳ ಚಟುವಟಿಕೆ ಏರಿತು. ಆರೋಗ್ಯವಂತರಲ್ಲಿ ಹಾಗೆ ಏರಲಿಲ್ಲ.

ಅಧ್ಯಯನ ಚಿಕ್ಕದು. ಇಂಥದನ್ನು ಹಮ್ಮಿಕೊಳ್ಳುವುದೂ ಸುಲಭವಲ್ಲ. ಕಾರ್ಟಿಸೋಲ್ ಎಂಬ ಹಾರ್ಮೋನು ಬೆಳಗ್ಗೆ ಹೆಚ್ಚಿದ್ದು ರಾತ್ರಿಗೆ ಇಳಿಯುತ್ತದೆ. ಆದುದರಿಂದ ಬೆಳಗಿನ ರಕ್ತವನ್ನು ಸಂಜೆಯ ರಕ್ತದೊಡನೆ ಹೋಲಿಸಿದರೆ ಶ್ರಮದ ಫಲವಾವುದು, ಗಡಿಯಾರದ ಫಲವಾವುದು ತಿಳಿಯದು. ಕೊಳವೆಯಲ್ಲಿ ಹಾಗೆಯೇ ಇಟ್ಟ ರಕ್ತದಲ್ಲಿ ಜೀವಕಣಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ. ತಡವಾದರೆ ಲೆಕ್ಕ ತಪ್ಪುತ್ತದೆ. ಹೋಲಿಕೆಗೆ ಆಟಗಾರರನ್ನು ಆರಿಸಿದರೂ ಸಲ್ಲದು. ಹೆಚ್ಚು ಓಡಾಡದ ಆರೋಗ್ಯವಂತರೇ ಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಪ್ರಯೋಗಾಲಯಕ್ಕೆ ಬರುವ ಪ್ರಯಾಣವೇ ರೋಗಿಗೆ ಶ್ರಮ. ಅಲ್ಲಿಗೆ ತಲಪುವಾಗಲೇ "ವಿಶ್ರಾಂತಿಯ ರಕ್ತ" ಕೈತಪ್ಪಿರುತ್ತದೆ. ತೀರ ಬಳಲಿದವರಂತೂ ಬರಲಾರರು. ಬಾರದವರ ರೋಗ ಲೆಕ್ಕಕ್ಕೇ ಸಿಗದು. ಮನೆಗೇ ಹೋಗಿ ರಕ್ತ ತೆಗೆಯುವುದು, ಬೇಕೆಂದೇ ದಣಿಸುವ ಬದಲು ದಿನನಿತ್ಯದ ಅನಿವಾರ್ಯ ಶ್ರಮವನ್ನೇ ಗಮನಿಸುವುದು ಇದಕ್ಕೆ ಪರಿಹಾರವೆಂದು ನಮಗೆ ತೋರುತ್ತದೆ.

ಈ ರೋಗವನ್ನು ಖಚಿತಪಡಿಸುವ ರಕ್ತ ಪರೀಕ್ಷೆ ಇಂದಿಗೂ ಬಳಕೆಗೆ ಬಂದಿಲ್ಲ. ಆದುದರಿಂದ ಯಾವ ಕೆಲಸ ಮಾಡಿದ ಎಷ್ಟು ಹೊತ್ತಿಗೆ ಬಳಲಿಕೆ ಬಂತು ಎಂಬುದನ್ನು ರೋಗಿ ಬರೆದಿಟ್ಟು ವೈದ್ಯರಿಗೆ ತೋರಿಸುವುದು ಉಪಯುಕ್ತ. ಮನೆಯವರು "ಸೋಮಾರಿತನ" ಎನ್ನುವ ಮೊದಲು ಆ ಪುಸ್ತಕವನ್ನೊಮ್ಮೆ ಓದಲಿ.