ನೀರುಂಡು ಬೆಳೆದ ಕಲ್ಲು

ಭೂಮಿಯ ಒಡಲಿನಲ್ಲಿ ಕಲ್ಲು ರೂಪುಗೊಳ್ಳಲು ಸಾವಿರಾರು, ಲಕ್ಷಾಂತರ ವರ್ಷಗಳು ಬೇಕಾಗಬಹುದು. ಮನುಷ್ಯನಾದರೋ ತನ್ನ ಮನೆಯ ಹಿತ್ತಲಿನಲ್ಲಿಯೇ ಒಂದು ತಿಂಗಳೊಳಗೆ ಕಲ್ಲನ್ನು ಸಿದ್ಧಪಡಿಸಬಲ್ಲನು. ಆ ಕೃತಕ ಶಿಲೆಯೇ ಕಾಂಕ್ರೀಟು.

ನಮ್ಮ ಮನೆಯಂಗಳದಲ್ಲಿ ಕಾರು ನಿಲ್ಲುವ ಸ್ಥಳದ ಎದುರಿಗೇ ಜಗಲಿಯಿದೆ. ಸಂಜೆಯ ವೇಳೆ ಮೊಮ್ಮಕ್ಕಳು ಅದರ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಓದುವುದು ವಾಡಿಕೆ. ಒಮ್ಮೆ ಕಾರು ಮುಂದಕ್ಕೆ ಸರಿದು ಜಗಲಿಗೆ ತಾಗಿತು. ಪುಣ್ಯಕ್ಕೆ ಆಗ ಅಲ್ಲಿ ಯಾರೂ ಇರಲಿಲ್ಲ. ಚಕ್ರಗಳಿಗೆ ಅಡ್ಡವಾಗಿ ತಡೆಗಲ್ಲುಗಳನ್ನಿಡಲು ಅಂದೇ ನಿಶ್ಚಯಿಸಿದೆನು.

ಮೊದಲು ಒಂದು ಕಲ್ಲನ್ನು ಎರಕ ಹೊಯ್ದು, ಚೆನ್ನಾಗಿ ಒಣಗಲೆಂದು ಬಿಸಿಲಿನಲ್ಲಿ ಬಿಟ್ಟೆನು. ನಾಲ್ಕನೆಯ ದಿನ ಚಕ್ರವು ಅದರ ಮೇಲೇರಿದೊಡನೆ ಅದು ಬಿರುಕುಬಿಟ್ಟಿತು. ಮುರಿದ ಅಂಚನ್ನು ಉಜ್ಜಿದರೆ ಮರಳು ಉದುರುತ್ತಿತ್ತು. ಪರಿಚಯದ ಗಾರೆಯ ಮೇಸ್ತ್ರಿಯೊಬ್ಬರು ಅದನ್ನು ನೋಡಿ, “ಮೇಷ್ಟ್ರೇ, ಇದಕ್ಕೆ ಬೇಕಾದದ್ದು ಬಿಸಿಲಲ್ಲ, ನೀರು” ಎಂದು ನಕ್ಕರು.

ಅವರ ಮಾತಿನಲ್ಲಿ ರಸಾಯನಶಾಸ್ತ್ರವೇ ಅಡಗಿತ್ತು. ಸುಣ್ಣಕಲ್ಲು ಮತ್ತು ಜೇಡಿಮಣ್ಣನ್ನು ಸುಮಾರು ೧೪೫೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟು, ಸ್ವಲ್ಪ ಜಿಪ್ಸಮ್ ಬೆರೆಸಿ ನುಣ್ಣಗೆ ಅರೆದರೆ ಸಿಮೆಂಟು ದೊರೆಯುತ್ತದೆ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬುವನು ೧೮೨೪ರಲ್ಲಿ ಇಂಥ ಸಿಮೆಂಟಿಗೆ ಹಕ್ಕುಪತ್ರ ಪಡೆದು, ಪೋರ್ಟ್‌ಲೆಂಡ್ ಎಂಬಲ್ಲಿಯ ಕಟ್ಟಡಕಲ್ಲಿನ ಹೆಸರನ್ನೇ ಅದಕ್ಕಿಟ್ಟನು. ಸಿಮೆಂಟಿನ ಕಣಗಳು ನೀರಿನೊಡನೆ ಸಂಯೋಗಗೊಂಡು ಹೊಸ ಸಂಯುಕ್ತಗಳಾಗುತ್ತವೆ. ಇವು ಬೇರುಗಳಂತೆ ಹೆಣೆದುಕೊಂಡು ಮರಳು ಜಲ್ಲಿಗಳನ್ನು ಬಂಧಿಸುತ್ತವೆ. ಆದುದರಿಂದ ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ, ನೀರುಂಡು ಗಟ್ಟಿಯಾಗುತ್ತದೆ. ನೀರು ಬೇಗನೆ ಆವಿಯಾದರೆ ಅದರ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ.

ಎರಡನೆಯ ಸಲ ಕ್ರಮವಾಗಿ ಕೆಲಸಕ್ಕೆ ತೊಡಗಿದೆನು. ೯೦ ಸೆಂಟಿಮೀಟರ್ ಉದ್ದ, ೧೫ ಅಗಲ, ೧೦ ಎತ್ತರದ ಹಲಗೆಯ ಅಚ್ಚನ್ನು ಮಾಡಿ, ಒಳಮೈಗೆ ಎಣ್ಣೆ ಸವರಿದೆನು. ಇಂಥ ಒಂದು ಕಲ್ಲಿಗೆ ಮೂರು ಲೀಟರು ಸಿಮೆಂಟು, ಆರು ಲೀಟರು ಮರಳು, ಹನ್ನೆರಡು ಲೀಟರು ಜಲ್ಲಿ ಸಾಕು. ಎಂದರೆ ೧:೨:೪ರ ಪ್ರಮಾಣ. ಸಿಮೆಂಟು ಚರ್ಮವನ್ನು ಸುಡುವುದರಿಂದ ಕೈಗವಸು ಅವಶ್ಯಕ. ಕಲಸುವ ನೀರು ಸಿಮೆಂಟಿನ ತೂಕದ ಅರ್ಧಕ್ಕಿಂತ ತುಸು ಹೆಚ್ಚಿದ್ದರೆ ಸಾಕು. ಕಲಸುವಾಗಲೇ ನೀರು ಅತಿಯಾದರೆ, ಅದು ಆರಿದ ಮೇಲೆ ಸೂಕ್ಷ್ಮ ರಂಧ್ರಗಳುಳಿದು ಕಲ್ಲು ದುರ್ಬಲವಾಗುತ್ತದೆ. ಅರ್ಧ ತುಂಬಿದ ಅಚ್ಚಿನಲ್ಲಿ ಎರಡು ಕಬ್ಬಿಣದ ಸರಳುಗಳನ್ನಿಟ್ಟು, ನೆಲಕ್ಕೆ ಬಿಗಿಯುವ ಸಲುವಾಗಿ ತುದಿಗಳ ಬಳಿ ಕೊಳವೆಯ ತುಂಡುಗಳನ್ನು ನಿಲ್ಲಿಸಿ, ಉಳಿದುದನ್ನು ತುಂಬಿದೆನು. ಒಳಗೆ ಗಾಳಿ ಉಳಿಯದಂತೆ ಕೋಲಿನಿಂದ ಚೆನ್ನಾಗಿ ಕುಟ್ಟಿದೆನು.

ಎರಡು ದಿನಗಳ ಬಳಿಕ ಅಚ್ಚನ್ನು ಬಿಚ್ಚಿ, ಕಲ್ಲಿಗೆ ಗೋಣಿತಟ್ಟು ಹೊದಿಸಿದೆನು. ಅದು ಆರದಂತೆ ಹತ್ತು ದಿನ ಹೊತ್ತುಹೊತ್ತಿಗೆ ನೀರುಣಿಸುವ ಹೊಣೆಯನ್ನು ಮೊಮ್ಮಕ್ಕಳೇ ವಹಿಸಿಕೊಂಡರು. ಇಪ್ಪತ್ತೆಂಟು ದಿನ ಕಾದು, ಸುಮಾರು ೩೨ ಕಿಲೋಗ್ರಾಂ ತೂಗುವ ಆ ಕಲ್ಲನ್ನೂ ಅದರ ಜೊತೆಗಲ್ಲನ್ನೂ ನೆಲಕ್ಕೆ ಬಿಗಿದೆವು.

ಈಗ ಕಾರು ದಿನವೂ ಅಲ್ಲಿಗೆ ಬಂದು ನಿಲ್ಲುತ್ತದೆ; ಮಕ್ಕಳು ನಿರಾತಂಕವಾಗಿ ಜಗಲಿಯಲ್ಲಿ ಓದುತ್ತಾರೆ. ಮುರಿದ ಮೊದಲ ಕಲ್ಲನ್ನು ನಾನು ಎಸೆಯಲಿಲ್ಲ. ಎರಡಕ್ಕೂ ಬೆರೆಸಿದ ಸಾಮಗ್ರಿ ಒಂದೇ. ಆರೈಕೆ ಮಾತ್ರ ಬೇರೆ.