ಗರಿಕೆ ಯಾವ ಕಡೆ ಮಲಗಿದೆ?

ಗಾಲ್ಫ್ ಆಡುವವರ ಚೀಲದಲ್ಲಿ 14 ಕೋಲುಗಳಿಗಷ್ಟೇ ಜಾಗ. ಚೀಲ ಹಿಡಿಸುವುದಿಲ್ಲ ಎಂದಲ್ಲ, ನಿಯಮ ಒಪ್ಪುವುದಿಲ್ಲ. 15ನೆಯದು ಮರೆತು ಉಳಿದುಕೊಂಡಿದ್ದರೂ ಹೋಲೊಂದಕ್ಕೆ ಎರಡರಂತೆ, ಸುತ್ತಿಗೆ ಹೆಚ್ಚೆಂದರೆ ನಾಲ್ಕು ಹೊಡೆತಗಳ ದಂಡ ಬೀಳುತ್ತದೆ. 2001ರ ಬ್ರಿಟಿಷ್ ಓಪನ್ ಟೂರ್ನಿಯ ಕೊನೆಯ ದಿನ ವೇಲ್ಸ್‌ನ ಇಯಾನ್ ವೂಸ್ನಂ ಮೊದಲ ಹೋಲನ್ನು ಚೆನ್ನಾಗಿ ಮುಗಿಸಿ ಎರಡನೆಯದರ ಟೀಗೆ ಬಂದಾಗ ಅವರ ಚೀಲ ಹೊರುವ ಕ್ಯಾಡಿ ಹೇಳಬೇಕಾಗಿ ಬಂದದ್ದು ಇದನ್ನೇ: ಅಭ್ಯಾಸದಲ್ಲಿ ಪರೀಕ್ಷಿಸಿದ ಇನ್ನೊಂದು ಡ್ರೈವರ್, ಅಂದರೆ ದೂರಕ್ಕೆ ಹೊಡೆಯುವ ಉದ್ದನೆಯ ಕೋಲು, ಚೀಲದಲ್ಲೇ ಇದೆ. ಪ್ರಶಸ್ತಿಯ ಪೈಪೋಟಿಯಲ್ಲಿದ್ದ ಆಟಗಾರನಿಗೆ ಎರಡು ಹೊಡೆತ ಅಲ್ಲೇ ಖರ್ಚಾದವು.

ಊರಿನಲ್ಲೇ ಆಡುವವರನ್ನು ಈ ಲೆಕ್ಕ ಅಷ್ಟು ಕಾಡುವುದಿಲ್ಲ. ಇವತ್ತು ಬೇಡವಾದ ಕೋಲನ್ನು ಮನೆಯಲ್ಲಿಟ್ಟು ನಾಳೆ ಬೇರೊಂದನ್ನು ತಂದರಾಯಿತು. ಬೆಂಗಳೂರಿನಿಂದ ಕೊಲಂಬೊಗೋ ಫುಕೆಟ್‌ಗೋ ಹೊರಟವರ ಪಾಡು ಬೇರೆ. ಅಲ್ಲಿನ ಹುಲ್ಲನ್ನು ನೋಡುವ ಮೊದಲೇ, ಅಲ್ಲಿನ ಗಾಳಿಯನ್ನು ಉಸಿರಾಡುವ ಮೊದಲೇ ಹದಿನಾಲ್ಕನ್ನು ಆರಿಸಿ ಕಟ್ಟಬೇಕು. ಈ ಕೆಲಸವನ್ನು ಬಲ್ಲವರು ಚೀಲ ಕಟ್ಟುವುದನ್ನು ನೋಡುವುದೇ ಒಂದು ಸೊಗಸು. ಅವರು ಸಾಮಾನು ತುಂಬುತ್ತಿದ್ದಾರೆ ಅಂತ ನಮಗೆ ಅನ್ನಿಸುತ್ತದೆ. ನಿಜಕ್ಕೂ ಅವರಾಗಲೇ ಆಡಲು ಶುರುಮಾಡಿರುತ್ತಾರೆ.

ಮೊದಲು ಪ್ರಯಾಣದ ಅಪಾಯ ಏನೆಂದು ತಿಳಿಯಬೇಕು. ಐರನ್‌ಗಳು ಗಟ್ಟಿ ಜೀವ, ಅವಕ್ಕೆ ಅಷ್ಟು ಬೇಗ ಏನೂ ಆಗದು. ಸಂಕಟವೆಲ್ಲ ಡ್ರೈವರಿನದು. ಸುಮಾರು 45 ಇಂಚು ಉದ್ದದ, 60 ಗ್ರಾಂ ಆಸುಪಾಸು ತೂಗುವ ಕಾರ್ಬನ್ ದಂಡ. ಅದರ ತುದಿಗೆ 200 ಗ್ರಾಂ ತಲೆ. ಚೀಲ ತಲೆಕೆಳಗಾಗಿ ಬಿದ್ದರೆ, ಇಲ್ಲವೇ ಅದರ ಬಾಯಿಯ ಮೇಲೆ ಯಾರದೋ ಭಾರದ ಸೂಟ್‌ಕೇಸ್ ಕುಳಿತರೆ, ಹೊಡೆತವೆಲ್ಲ ದಂಡವೂ ತಲೆಯೂ ಸೇರುವ ಕತ್ತಿನ ಮೇಲೆ ಬೀಳುತ್ತದೆ. ಮುರಿಯುವುದು ಅಲ್ಲೇ. ಎಲ್ಲ ಕೋಲುಗಳಿಗಿಂತ ಅದೇ ಉದ್ದವಾದ್ದರಿಂದ ಪೆಟ್ಟು ಮೊದಲು ತಾಗುವುದೂ ಅದಕ್ಕೇ.

ಇದಕ್ಕೆ ಇರುವ ಉಪಾಯ ಎಷ್ಟು ಸರಳವೆಂದರೆ ಮೊದಲ ಸಲ ನೋಡಿದವರು ನಕ್ಕುಬಿಡುತ್ತಾರೆ. ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಒಂದು ಲೋಹದ ಕೋಲನ್ನು ಚೀಲದ ನಡುವೆ ನಿಲ್ಲಿಸಿ, ಡ್ರೈವರಿಗಿಂತ ಒಂದೆರಡು ಇಂಚು ಮೇಲಕ್ಕೆ ಬರುವಂತೆ ಬಿಗಿ ಮಾಡುವುದು. ಅದಕ್ಕೆ ಆಟದಲ್ಲಿ ಪಾತ್ರವಿಲ್ಲ, ಪೆಟ್ಟು ತಿನ್ನುವುದಷ್ಟೇ ಕೆಲಸ. ಇನ್ನೂ ಜಾಣರು ಡ್ರೈವರಿನ ತಲೆಯನ್ನೇ ಬಿಚ್ಚಿಡುತ್ತಾರೆ. ಈಗಿನ ಬಹುಪಾಲು ಡ್ರೈವರುಗಳ ತಲೆಯನ್ನು ಒಂದು ಸ್ಕ್ರೂ ಹಿಡಿದಿರುತ್ತದೆ. ಜೊತೆಗೆ ಕೊಟ್ಟ ಪುಟ್ಟ ವ್ರೆಂಚ್ ತಿರುಗಿಸಿದರೆ ಕಳಚಿ ಬರುತ್ತದೆ. ತಲೆಯನ್ನು ಕಾಲುಚೀಲದೊಳಗೆ ಸುತ್ತಿ ಬಟ್ಟೆಗಳ ನಡುವೆ ಇಟ್ಟರೆ ಮುರಿಯುವ ಕತ್ತೇ ಇರುವುದಿಲ್ಲ. ಆದರೆ ವ್ರೆಂಚನ್ನೂ ಅಲ್ಲೇ ಜೊತೆಗಿಡುವುದು ಮರೆಯಬಾರದು. ಕೈಚೀಲದಲ್ಲಿಟ್ಟರೆ ಅದು ಭದ್ರತಾ ತಪಾಸಣೆಯಲ್ಲೇ ಉಳಿದುಬಿಡುವ ಸಂಭವವುಂಟು. ಆಮೇಲೆ ತಲೆ ಒಂದು ಕೈಯಲ್ಲಿ, ದಂಡ ಇನ್ನೊಂದು ಕೈಯಲ್ಲಿ.

ಐರನ್‌ಗಳ ತಲೆಗಳನ್ನೆಲ್ಲ ಒಂದು ದಪ್ಪ ಟವೆಲಿನಲ್ಲಿ ಸುತ್ತಿ ಕಟ್ಟಬೇಕು, ಒಂದಕ್ಕೊಂದು ಬಡಿದುಕೊಳ್ಳದ ಹಾಗೆ. ಮೇಲೆ ಮಳೆ ಕೋಟು, ಅಂಗಿಗಳು. ಇಲ್ಲಿ ಒಂದು ವಿವಾದವಿದೆ: ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೋ, ಮೆತ್ತನೆಯ ಬಟ್ಟೆ ಹೊದಿಕೆಯೋ? ನಾನು ಬಟ್ಟೆಯ ಪಕ್ಷ. ಪೆಟ್ಟಿಗೆ ಹೆಚ್ಚು ಕಾಪಾಡುತ್ತದೆ, ನಿಜ. ಆದರೆ ಖಾಲಿ ಪೆಟ್ಟಿಗೆಯೇ ಐದಾರು ಕಿಲೋ ತೂಗುತ್ತದೆ. ಕೋಲುಗಳು, ಚೀಲ, ಚೆಂಡುಗಳೆಂದು ಮೊದಲೇ ಹನ್ನೆರಡು ಹದಿಮೂರು ಕಿಲೋ ಆಗಿರುವಾಗ, ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಸಿಗುವ 15 ಕಿಲೋ ಮಿತಿಯಲ್ಲಿ ಅದನ್ನು ಹೇಗೆ ಹೊಂದಿಸುವುದು? ಸಾಲದ್ದಕ್ಕೆ ಬೆಂಗಳೂರಿನ ಟ್ಯಾಕ್ಸಿಗಳ ಡಿಕ್ಕಿಯ ಅರ್ಧವನ್ನು ಗ್ಯಾಸ್ ಸಿಲಿಂಡರ್ ನುಂಗಿರುತ್ತದೆ. ಬಟ್ಟೆಯ ಚೀಲವನ್ನಾದರೆ ಹಿಂದಿನ ಸೀಟಿನ ಮೇಲೆ ಓರೆಯಾಗಿ ಮಲಗಿಸಬಹುದು.

ಗಾಲ್ಫ್ ಕೋಲು ವಿಮಾನದ ಕ್ಯಾಬಿನ್ನಿಗೆ ಹೋಗುವಂತಿಲ್ಲ. ದೂರ ಅಳೆಯುವ ಯಂತ್ರದ ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಇವು ಕೆಳಗಿನ ಸರಕಿನ ಜೊತೆ ಹೋಗುವಂತಿಲ್ಲ. ಹೀಗೆ ಒಂದೇ ಆಟದ ಸಾಮಾನು ಎರಡು ಪಾಲಾಗುತ್ತದೆ. ಅನುಭವಿಗಳು ಕೈಚೀಲಕ್ಕೆ ಇನ್ನೆರಡನ್ನು ಸೇರಿಸುತ್ತಾರೆ: ಶೂ ಮತ್ತು ಗ್ಲೋವ್. ಚೀಲ ಒಂದು ದಿನ ತಡವಾಗಿ ಬಂದರೂ ಕೋಲು ಬಾಡಿಗೆಗೆ ಸಿಗುತ್ತದೆ, ಪಾದಕ್ಕೆ ಒಗ್ಗಿದ ಶೂ ಸಿಗುವುದಿಲ್ಲ. ಬೆಲೆಬಾಳುವ ಹೊಸ ಸೆಟ್ ಆದರೆ ಹೊರಡುವಾಗಲೇ ನಮ್ಮ ಕಸ್ಟಮ್ಸ್‌ನವರಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳುವುದು ಒಳ್ಳೆಯದು. ಮರಳುವಾಗ ಇದು ಅಲ್ಲಿ ಕೊಂಡದ್ದೋ ಇಲ್ಲಿಂದ ಒಯ್ದದ್ದೋ ಎಂಬ ಮಾತು ಬರುವುದಿಲ್ಲ. ಇನ್ನು ಹೋಗುವುದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಡೆಗಾದರೆ ಶೂ ಮುಳ್ಳುಗಳ ಸಂದಿಯ, ಕೋಲಿನ ಗೀರುಗಳ ಮಣ್ಣನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದಿರಬೇಕು. ಪರದೇಶದ ಮಣ್ಣಿನ ಜೊತೆ ಯಾವ ರೋಗ, ಯಾವ ಬೀಜ ಬರುತ್ತದೋ ಎಂದು ಅವರು ಬಹಳ ಕಟ್ಟುನಿಟ್ಟು.

ವಿಮಾನಕ್ಕೂ ಗಾಲ್ಫಿಗೂ ಇರುವ ಅತಿ ವಿಚಿತ್ರ ನಂಟು ಬ್ಯಾಂಕಾಕಿನದು. ಅಲ್ಲಿನ ಡಾನ್ ಮುಯೆಂಗ್ ವಿಮಾನ ನಿಲ್ದಾಣದ ಎರಡು ರನ್‌ವೇಗಳ ನಡುವಿನ ಪಟ್ಟಿಯಲ್ಲಿ ಥಾಯ್ ವಾಯುಪಡೆ ದಶಕಗಳ ಕಾಲ 18 ಹೋಲುಗಳ ಮೈದಾನವೊಂದನ್ನು ನಡೆಸಿತು, ಹೆಸರು ಕಂತಾರತ್. ಇಳಿಯುವ ವಿಮಾನದ ಕಿಟಕಿಯಿಂದ ಬಾವುಟಗಳು ಕಾಣುತ್ತಿದ್ದವು. ವಿಮಾನ ಬರುವಾಗ ಆಟಗಾರರು ಕೆಂಪು ದೀಪ ನೋಡಿ ನಿಲ್ಲಬೇಕಿತ್ತು. ಕೊಲಂಬೊದವರು ರೈಲಿನಲ್ಲಿ ತೃಪ್ತರು: 1879ರಷ್ಟು ಹಳೆಯದಾದ ರಾಯಲ್ ಕೊಲಂಬೊ ಗಾಲ್ಫ್ ಕ್ಲಬ್ಬಿನ ಮೈದಾನದ ನಡುವೆಯೇ ಕೆಲಣಿ ಕಣಿವೆಯ ರೈಲು ಹಾದುಹೋಗುತ್ತದೆ.

ಇಳಿದಾಯಿತು. ಮೊದಲ ಮುಂಜಾನೆ ಬೆಂಗಳೂರಿಗರನ್ನು ಕಾಡುವ ಪ್ರಶ್ನೆ, ಚೆಂಡು ಯಾಕೆ ಮೊದಲಿನಷ್ಟು ದೂರ ಹೋಗುತ್ತಿಲ್ಲ ಎಂಬುದು. ಸೆಖೆಯ ಗಾಳಿ ತೇವದಿಂದ ಭಾರವಾಗಿದೆ, ಅದಕ್ಕೇ ಚೆಂಡನ್ನು ತಡೆಯುತ್ತಿದೆ ಅನ್ನುತ್ತಾರೆ ಹೆಚ್ಚಿನವರು. ವಿಜ್ಞಾನ ಇದರ ತಿರುಗುಮುರುಗು. ನೀರಿನ ಅಣು ಸಾರಜನಕ, ಆಮ್ಲಜನಕಗಳ ಅಣುಗಳಿಗಿಂತ ಹಗುರ. ಹಾಗಾಗಿ ಅಷ್ಟೇ ಉಷ್ಣತೆಯಲ್ಲಿ ತೇವದ ಗಾಳಿ ಒಣ ಗಾಳಿಗಿಂತ ತುಸು ತೆಳು. ಬಿಸಿಯೂ ಗಾಳಿಯನ್ನು ತೆಳುಮಾಡುತ್ತದೆ. ಕಾರಣ ಬೇರೆಯೇ ಇದೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಅಲ್ಲಿನ ತೆಳು ಗಾಳಿಯಲ್ಲಿ 7 ಐರನ್ನಿನಿಂದ 150 ಗಜ ಹೊಡೆಯುವವರು ಕಡಲತಡಿಯಲ್ಲಿ ನಾಲ್ಕೈದು ಗಜ ಕಡಿಮೆ ಹೊಡೆಯುತ್ತಾರೆ. ಆ ನಾಲ್ಕೈದು ಗಜದಲ್ಲೇ ಸಾಮಾನ್ಯವಾಗಿ ಬಂಕರ್ ಇರುತ್ತದೆ.

ಇಲ್ಲಿಂದ ಮುಂದೆ ನಿಜವಾದ ವಿದ್ಯೆ ಹುಲ್ಲಿನದು. ಶೀತ ದೇಶಗಳ ಗ್ರೀನ್‌ಗಳಲ್ಲಿ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನಲ್ಲಿ, ನೆಟ್ಟಗೆ ನಿಲ್ಲುವ ಬೆಂಟ್ ಹುಲ್ಲು ಬೆಳೆಸುತ್ತಾರೆ. ಉಷ್ಣವಲಯದ ಸೆಖೆಗೆ ಅದು ಬಾಳದು. ಇಲ್ಲಿ ಆಳುವುದು ಬರ್ಮುಡಾ ಹುಲ್ಲು. ಹೆಸರು ಅಟ್ಲಾಂಟಿಕ್ ದ್ವೀಪದ್ದಾದರೂ ಕನ್ನಡಿಗರಿಗೆ ಇದು ಬಾಲ್ಯದ ಪರಿಚಯ. ಗಣೇಶ ಚೌತಿಗೆ ಮೂರು ಎಸಳು ನೋಡಿ ನೋಡಿ ಚಿವುಟಿ ತರುವ ಗರಿಕೆ ಇದೇ ಜಾತಿಯದು. ಗರಿಕೆಯನ್ನು ದಕ್ಷಿಣ ಆಫ್ರಿಕಾದ ಸಣ್ಣೆಲೆಯ ಬಂಧುವಿನೊಡನೆ ಬೆರೆಸಿ, ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಮತ್ತವರ ಸಂಗಡಿಗರು ಗಿಡ್ಡ ತಳಿಗಳನ್ನು ತಯಾರಿಸಿದರು. ಟಿಫ್‌ವೇ, ಟಿಫ್‌ಡ್ವಾರ್ಫ್ ಎಂಬ ಹೆಸರುಗಳಲ್ಲಿರುವ ‘ಟಿಫ್’ ಆ ಊರಿನದೇ. ಮಿಲಿಮೀಟರುಗಳ ಲೆಕ್ಕದಲ್ಲಿ ಕತ್ತರಿಸಿದರೂ ಸಾಯದ ಹುಲ್ಲು ಸಿಕ್ಕ ಮೇಲೇ ಬಿಸಿಲು ನಾಡುಗಳಲ್ಲಿ ಚೆಂಡು ನುಣ್ಣಗೆ ಉರುಳುವ ಗ್ರೀನ್‌ಗಳು ಸಾಧ್ಯವಾದದ್ದು.

ಗರಿಕೆಯ ಹುಟ್ಟುಗುಣ ಮಾತ್ರ ಹೋಗಿಲ್ಲ. ಅದು ನೇರ ಮೇಲಕ್ಕೆ ಬೆಳೆಯುವುದಿಲ್ಲ, ತೆವಳುತ್ತದೆ. ಎಲ್ಲ ಎಸಳುಗಳೂ ಒಂದೇ ಕಡೆ ಮಲಗುತ್ತವೆ: ನೀರು ಹರಿದುಹೋಗುವ ಕಡೆಗೆ, ಹಲವೊಮ್ಮೆ ಪಡುವಣ ಬಿಸಿಲಿನ ಕಡೆಗೆ. ಕರುವಿನ ಬೆನ್ನನ್ನು ಬಾಲದ ಕಡೆಗೆ ಸವರಿದರೆ ಕೈ ಜಾರುತ್ತದೆ, ತಲೆಯ ಕಡೆಗೆ ಸವರಿದರೆ ರೋಮ ತಡೆಯುತ್ತದೆ, ಚೆಂಡಿಗೂ ಹಾಗೆಯೇ. ಮಲಗಿದ ದಿಕ್ಕಿಗೆ ಪಟ್ ಮಾಡಿದರೆ, ಅಂದರೆ ಕುಳಿಯತ್ತ ಉರುಳಿಸಿದರೆ, ಚೆಂಡು ನಿಲ್ಲುವುದೇ ಇಲ್ಲ. ಎದುರಾಗಿ ಹೊಡೆದರೆ ಹತ್ತು ಅಡಿಯ ಪಟ್ ಎಂಟು ಅಡಿಗೇ ದಣಿಯುತ್ತದೆ. ಅಡ್ಡಲಾಗಿ ಹೊಡೆದರೋ, ಕಣ್ಣಿಗೆ ಕಾಣುವ ಇಳಿಜಾರು ಎಡಕ್ಕಿದ್ದರೂ ಚೆಂಡು ನೆಟ್ಟಗೆ ಹೋಗಿ ನಿಮ್ಮನ್ನು ಮೂರ್ಖರನ್ನಾಗಿ ಮಾಡೀತು.

ಈ ದಿಕ್ಕನ್ನು ಓದುವುದು ಹೇಗೆ? ಚೆಂಡಿನ ಹಿಂದೆ ನಿಂತು ನೋಡಿದಾಗ ಹುಲ್ಲು ಬೆಳ್ಳಗೆ ಮಿರುಗಿದರೆ ಅದು ನಿಮ್ಮಿಂದ ಆಚೆಗೆ ಮಲಗಿದೆ, ಅಂದರೆ ವೇಗ ಹೆಚ್ಚು. ಗಾಢ ಹಸಿರಾಗಿ ಕಂಡರೆ ತುದಿಗಳು ನಿಮ್ಮತ್ತ ತಿರುಗಿವೆ, ವೇಗ ಕಡಿಮೆ. ಇದಕ್ಕೂ ಒಳ್ಳೆಯ ಸಾಕ್ಷಿ ಕುಳಿಯ ಬಾಯಿ. ಬೆಳಗ್ಗೆ ಕತ್ತರಿಸಿದ ಕುಳಿಯ ಅಂಚು ಮಧ್ಯಾಹ್ನದ ಹೊತ್ತಿಗೆ ಒಂದು ಕಡೆ ಚೂಪಾಗಿ ಹಸಿರಾಗಿಯೇ ಇರುತ್ತದೆ, ಇನ್ನೊಂದು ಕಡೆ ಕಂದಾಗಿ ಸವೆದಿರುತ್ತದೆ. ಹುಲ್ಲು ಮಲಗಿರುವುದು ಸವೆದ ಕಡೆಗೆ. ಹುಲ್ಲು ದಿನವಿಡೀ ಬೆಳೆಯುತ್ತಲೇ ಇರುವುದರಿಂದ ಮುಂಜಾನೆಯ ಗ್ರೀನೇ ಸಂಜೆ ಇನ್ನಷ್ಟು ನಿಧಾನವಾಗುತ್ತದೆ ಎಂಬುದೂ ನೆನಪಿರಬೇಕು.

ಇದನ್ನೆಲ್ಲ ಪುಸ್ತಕದಿಂದ ಕಲಿಯಬಹುದು. ಆದರೆ ಥಾಯ್ಲೆಂಡಿನ ಕ್ಯಾಡಿಯೊಬ್ಬಳು ಅದನ್ನು ಬಳಸುವುದನ್ನು ನೋಡಿದರೆ ಪುಸ್ತಕ ಸಪ್ಪೆ. ಅಲ್ಲಿನ ಬಹುತೇಕ ಮೈದಾನಗಳಲ್ಲಿ ಕ್ಯಾಡಿಗಳು ಹೆಂಗಸರು, ಆಟಗಾರರೊಬ್ಬರಿಗೆ ಒಬ್ಬಳು. ಬಿಸಿಲಿಗೆ ಅಂಜಿ ಮೈಯೆಲ್ಲ ಮುಚ್ಚಿ, ಅಗಲ ಟೊಪ್ಪಿಗೆಯ ಕೆಳಗೆ ಕಣ್ಣಷ್ಟೇ ಕಾಣುವಂತೆ ನಿಂತಿರುತ್ತಾರೆ. 1924ರಲ್ಲಿ ಶುರುವಾದ ಹುವಾ ಹಿನ್‌ನ ರೈಲು ನಿಲ್ದಾಣದ ಪಕ್ಕದ ಹಳೆಯ ಮೈದಾನವಾಗಲಿ, ನಿನ್ನೆ ಮೊನ್ನೆ ತೆರೆದ ರೆಸಾರ್ಟ್ ಆಗಲಿ, ಗ್ರೀನ್ ಮೇಲೆ ಚೆಂಡನ್ನು ಒರೆಸಿ ಅದರ ಗೆರೆಯನ್ನು ಗುರಿಗೆ ಸರಿಯಾಗಿ ತಿರುಗಿಸಿಡುವವಳು ಅವಳೇ. ಎರಡು ಬೆರಳು ಎತ್ತಿ ತೋರಿಸಿದರೆ ಕುಳಿಯಿಂದ ಎರಡು ಬೆರಳಷ್ಟು ಆಚೆಗೆ ಹೊಡೆ ಎಂದರ್ಥ. ನಿಮ್ಮ ಕಣ್ಣು ಬೇರೆ ಹೇಳಿದರೂ ಮೊದಲ ಸುತ್ತಿನಲ್ಲಿ ಅವಳ ಬೆರಳನ್ನೇ ನಂಬಿ ಎಂಬುದು ನನ್ನ ಹಟದ ಸಲಹೆ. ಪ್ರತಿದಿನ ಅದೇ ಹದಿನೆಂಟು ಗ್ರೀನ್‌ಗಳನ್ನು ಮಳೆಯಲ್ಲೂ ಬಿಸಿಲಲ್ಲೂ ನೋಡಿದ ಕಣ್ಣದು.

ಗ್ರೀನಿನ ಹೊರಗೆ ಸಂಗತಿ ಇನ್ನೊಂದು ಬಗೆ. ಮಲೇಷ್ಯಾ, ಸಿಂಗಪುರಗಳ ಹಳೆಯ ಫೇರ್‌ವೇಗಳಲ್ಲಿ ಅಗಲ ಎಲೆಯ ‘ಕೌ ಗ್ರಾಸ್’ ಇರುತ್ತದೆ. ಚೆಂಡು ಅದರೊಳಗೆ ಅರ್ಧ ಮುಳುಗಿ ಕೂರುತ್ತದೆ. ಕಡಲಂಚಿನಲ್ಲಿ ಪ್ಯಾಸ್ಪಾಲಂ ಹಾಕುತ್ತಾರೆ, ಉಪ್ಪುನೀರು ಹಾಯಿಸಿದರೂ ತಾಳಿಕೊಳ್ಳುವ ಹುಲ್ಲು. ಎದುರುಮಲಗಿದ ಗರಿಕೆಯಲ್ಲಿ ಗ್ರೀನಿನ ಅಂಚಿನಿಂದ ಚಿಪ್ ಮಾಡುವಾಗ ವೆಡ್ಜಿನ ಮುಂಗಡೆಯ ಚೂಪು ಅಂಚು ನೆಲಕ್ಕೆ ಸಿಕ್ಕಿಕೊಳ್ಳುತ್ತದೆ, ಚೆಂಡು ಎರಡು ಅಡಿ ಕುಪ್ಪಳಿಸಿ ನಿಲ್ಲುತ್ತದೆ. ಊರಿಂದಲೇ ತಳ ದಪ್ಪವಿರುವ, ಅಂದರೆ ಬೌನ್ಸ್ ಹೆಚ್ಚಿರುವ ವೆಡ್ಜ್ ತಂದಿದ್ದರೆ ತಳ ಜಾರಿ ಹಾದುಹೋಗುತ್ತದೆ. ಉದ್ದದ 3 ಐರನ್ನನ್ನು ಮನೆಯಲ್ಲೇ ಬಿಟ್ಟು ಮೆತ್ತನೆ ನೆಲದಿಂದ ಚೆಂಡನ್ನು ಎತ್ತಿಕೊಡುವ ಹೈಬ್ರಿಡ್ ತಂದವರೂ ಇಲ್ಲಿ ನಗುತ್ತಾರೆ. ಹದಿನಾಲ್ಕರ ಲೆಕ್ಕ ಹಾಕುತ್ತ ಕೂತದ್ದು ಸಾರ್ಥಕವಾಗುವುದು ಈ ಜಾಗದಲ್ಲಿ.

ಬೆವರಿಗೆ ಮದ್ದು ಗ್ಲೋವ್‌ಗಳು, ಬಹುವಚನದಲ್ಲಿ. ಮೂರನ್ನು ಸರದಿಯಲ್ಲಿ ಹಾಕಿಕೊಂಡು, ಒದ್ದೆಯಾದದ್ದನ್ನು ಚೀಲಕ್ಕೆ ಸಿಕ್ಕಿಸಿ ಗಾಳಿಗೆ ಒಣಗಿಸುವುದು ರೂಢಿ. ಬಿಸಿಲಿಗೆ ಹರವಿದರೆ ಚರ್ಮ ಹಪ್ಪಳವಾಗುತ್ತದೆ. ಕೋಲಿನ ಹಿಡಿಗೆ ನೂಲು ಬೆರೆಸಿದ ಒರಟು ಗ್ರಿಪ್ ಹಾಕಿಸಿಕೊಂಡರೆ ಇನ್ನೂ ವಾಸಿ.

ಮಧ್ಯಾಹ್ನದ ಗುಡುಗಿನ ವಿಷಯದಲ್ಲಿ ಮಾತ್ರ ಕಲೆಯೂ ಇಲ್ಲ, ಧೈರ್ಯವೂ ಬೇಡ. ಸಿಂಗಪುರದಲ್ಲಿ ವರ್ಷಕ್ಕೆ 150ಕ್ಕೂ ಹೆಚ್ಚು ದಿನ ಗುಡುಗು ಕೇಳುತ್ತದೆ. ಉದ್ದನೆಯ ಒಂದೇ ಸೈರನ್ ಮೊಳಗಿತೆಂದರೆ ಆಟ ತಕ್ಷಣ ನಿಲ್ಲಿಸಿ ಎಂದರ್ಥ. ಕುಳಿಯಂಚಿನಲ್ಲಿರುವ ಚೆಂಡನ್ನೂ ತಳ್ಳುವಂತಿಲ್ಲ. ಎರಡು ಚಿಕ್ಕ ಸದ್ದು ಬಂದಾಗ ಮತ್ತೆ ಶುರು. ಸಂಜೆಗೆ ಮುಂದೂಡೋಣವೆಂದರೆ ಯುರೋಪಿನ ಬೇಸಗೆಯ ಹಾಗೆ ಒಂಬತ್ತರವರೆಗೆ ಬೆಳಕಿರುವ ಸೀಮೆಯಲ್ಲ ಇದು. ಆದ್ದರಿಂದಲೇ ಬಲ್ಲವರು ನಸುಕಿನ ಮೊದಲ ಟೀ ಸಮಯವನ್ನೇ ಹಿಡಿಯುತ್ತಾರೆ.

ಮರಳಿ ಚೀಲ ಕಟ್ಟುವ ಮುನ್ನ ಎಲ್ಲವನ್ನೂ ಒಣಗಿಸಬೇಕು. ಕೋಟಿಂಗ್ ಇಲ್ಲದ ವೆಡ್ಜುಗಳು ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತವೆ, ಶೂ ಒಳಗೆ ಬೂಷ್ಟು ಬರುತ್ತದೆ. ಶೂಗೆ ಹಳೇ ಪತ್ರಿಕೆ ತುರುಕಿ ರಾತ್ರಿಯಿಡೀ ಬಿಟ್ಟರೆ ಸಾಕು. ಬೆಂಗಳೂರಿಗೆ ಬಂದು ಹಳೇ ಏರ್‌ಪೋರ್ಟ್ ರಸ್ತೆ ಬದಿಯ ಕೆಜಿಎ ಮೈದಾನದಲ್ಲೋ, 1876ರಿಂದ ಇರುವ ಬೆಂಗಳೂರು ಗಾಲ್ಫ್ ಕ್ಲಬ್ಬಿನಲ್ಲೋ ಆಡಿದ ಮೊದಲ ದಿನ ಎಲ್ಲರ 7 ಐರನ್ ಹೊಡೆತವೂ ನಾಲ್ಕೈದು ಗಜ ಉದ್ದವಾಗಿರುತ್ತದೆ. ಕಾಫಿ ಕುಡಿಯುತ್ತ ಅದನ್ನು ಥಾಯ್ಲೆಂಡಿನಲ್ಲಿ ಮಾಡಿದ ಅಭ್ಯಾಸದ ಫಲವೆಂದು ಹೇಳಿಕೊಳ್ಳುವವರಿಗೆ ಯಾರೂ ಸಮುದ್ರಮಟ್ಟದ ಸುದ್ದಿ ಎತ್ತುವುದಿಲ್ಲ. ಮುಂದಿನ ವರ್ಷ ಅವರ ಜೊತೆಗೇ ಹೋಗಬೇಕಲ್ಲ.