ಫ್ಲಿಂಟ್ ನಗರದ ಪಾಲಿನ ದುಡ್ಡು

2014ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿದ್ದ ಜನರಲ್ ಮೋಟಾರ್ಸ್ ಎಂಜಿನ್ ಕಾರ್ಖಾನೆ, ನಗರಾಡಳಿತದ ನೀರು ತನಗೆ ಬೇಡವೆಂದಿತು. ಆ ನೀರಿನಿಂದ ಎಂಜಿನ್ ಭಾಗಗಳಿಗೆ ತುಕ್ಕು ಹಿಡಿಯುತ್ತಿತ್ತು. ಕಾರ್ಖಾನೆಗೆ ಪಕ್ಕದ ಊರಿನಿಂದ ಬೇರೆ ನೀರು ಬಂತು. ನಗರದ ಸುಮಾರು ಒಂದು ಲಕ್ಷ ಜನರಿಗೆ ಮಾತ್ರ ಇನ್ನೂ ಒಂದು ವರ್ಷ ಅದೇ ನೀರೇ ಗತಿಯಾಯಿತು.

ಸೀಸ ಬೆರೆತ ಆ ನೀರಿನ ಸುದ್ದಿ ಜಗತ್ತಿಗೆಲ್ಲ ಗೊತ್ತು. ಅದರ ಹಿಂದಿದ್ದ ಲೆಕ್ಕಪುಸ್ತಕದ ಸುದ್ದಿ ಅಷ್ಟಾಗಿ ಯಾರಿಗೂ ತಲುಪಲಿಲ್ಲ.

ಮಿಷಿಗನ್‌ನಲ್ಲಿ ಮಾರಾಟ ತೆರಿಗೆಯನ್ನು ವಸೂಲು ಮಾಡುವುದು ರಾಜ್ಯ ಸರ್ಕಾರ. ಅದರಲ್ಲೊಂದು ಪಾಲು ನಗರಗಳಿಗೆ ಹೋಗಬೇಕು. ಈ ಪಾಲಿನಲ್ಲಿ ಎರಡು ಬಗೆ. ಒಂದನ್ನು ರಾಜ್ಯದ ಸಂವಿಧಾನವೇ ನಿಗದಿ ಮಾಡಿದೆ, ಅದನ್ನು ಯಾರೂ ಮುಟ್ಟುವಂತಿಲ್ಲ. ಇನ್ನೊಂದು ಕಾಯ್ದೆಯ ಮೂಲಕ ಬರುವಂಥದ್ದು. ಶಾಸಕರು ವರ್ಷವರ್ಷವೂ ಕೈಹಾಕಬಹುದಾದದ್ದು ಇದಕ್ಕೇ. 2000ದ ದಶಕದ ಆರಂಭದಲ್ಲಿ ಕಾರು ಉದ್ಯಮ ಕುಸಿದು ರಾಜ್ಯದ ಬೊಕ್ಕಸ ಬರಿದಾಗತೊಡಗಿದಾಗ ಮೊದಲು ಕತ್ತರಿ ಬಿದ್ದದ್ದೂ ಇಲ್ಲೇ. ಆಳಿದ ಎರಡೂ ಪಕ್ಷಗಳು ಇದನ್ನು ಮಾಡಿದವು. 2011ರಲ್ಲಿ ಗವರ್ನರ್ ರಿಕ್ ಸ್ನೈಡರ್ ಅಳಿದುಳಿದ ಹಣಕ್ಕೂ ಷರತ್ತುಗಳನ್ನು ಕಟ್ಟಿದರು. ಅದೇ ವರ್ಷ ಉದ್ಯಮಗಳ ಮೇಲಿನ ತೆರಿಗೆಯಲ್ಲಿ ನೂರು ಕೋಟಿ ಡಾಲರ್‌ಗೂ ಮೀರಿದ ಕಡಿತವಾಯಿತು.

ಪಾಲು ಕಡಿಮೆಯಾದರೆ ನಗರ ತಾನೇ ತೆರಿಗೆ ಏರಿಸಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಏರಿಸಿಕೊಳ್ಳುವುದಕ್ಕೆ ರಾಜ್ಯದ ನಿಯಮವೇ ಅಡ್ಡ. 1994ರ ತಿದ್ದುಪಡಿಯ ಪ್ರಕಾರ, ಮಾಲೀಕತ್ವ ಬದಲಾಗದ ಆಸ್ತಿಯ ತೆರಿಗೆ ಮೌಲ್ಯ ವರ್ಷಕ್ಕೆ ಹಣದುಬ್ಬರದಷ್ಟು ಇಲ್ಲವೇ ಶೇ 5ರಷ್ಟು, ಯಾವುದು ಕಡಿಮೆಯೋ ಅಷ್ಟೇ ಏರಬೇಕು. ಇಳಿಯುವುದಕ್ಕೆ ಇಂಥ ಮಿತಿಯಿಲ್ಲ. 2008ರ ಆರ್ಥಿಕ ಕುಸಿತದಲ್ಲಿ ಮನೆಗಳ ಬೆಲೆ ನೆಲಕಚ್ಚಿದಾಗ ಆಸ್ತಿ ತೆರಿಗೆಯೂ ಜೊತೆಗೇ ಬಿತ್ತು. ಬೆಲೆ ಚೇತರಿಸಿಕೊಂಡರೂ ತೆರಿಗೆ ಆ ವೇಗದಲ್ಲಿ ಮೇಲೇಳಲಾರದು. ಮೇಲಿನಿಂದ ಬರುವ ಹಣ ಕುಗ್ಗಿತು, ಕೆಳಗಿನಿಂದ ಕೂಡಿಸುವ ದಾರಿಯೂ ಮುಚ್ಚಿತು.

ಖರ್ಚು ಹಾಗೆ ಇಳಿಯುವುದಿಲ್ಲ. 1960ರಲ್ಲಿ ಎರಡು ಲಕ್ಷದ ಹತ್ತಿರವಿದ್ದ ಫ್ಲಿಂಟ್‌ನ ಜನಸಂಖ್ಯೆ 2010ರ ಹೊತ್ತಿಗೆ ಒಂದು ಲಕ್ಷದ ಆಸುಪಾಸಿಗೆ ಬಂದಿತ್ತು. ಜನ ಅರ್ಧಕ್ಕಿಳಿದರೆಂದು ನೆಲದಡಿಯ ಕೊಳವೆಗಳು ಅರ್ಧವಾಗುತ್ತವೆಯೇ? ಎರಡು ಲಕ್ಷ ಜನರ ಕಾಲದಲ್ಲಿ ದುಡಿದು ನಿವೃತ್ತರಾದವರಿಗೆ ಪಿಂಚಣಿ ಕೊಡಲೇಬೇಕು. ಕಡಿತ ಮಾಡಲು ಉಳಿಯುವುದು ಪೊಲೀಸರು, ಅಗ್ನಿಶಾಮಕ ದಳ, ದುರಸ್ತಿ ಕೆಲಸ. ಮೂರನ್ನೂ ಫ್ಲಿಂಟ್ ಕಡಿತ ಮಾಡಿತು, ಆದರೂ ಕೊರತೆ ತುಂಬಲಿಲ್ಲ.

ಆಗ ರಾಜ್ಯ ಸರ್ಕಾರ ಏನು ಮಾಡಿತು ನೋಡಿ. ನಗರಕ್ಕೆ ಹಣ ನಿರ್ವಹಿಸಲು ಬರುವುದಿಲ್ಲವೆಂದು ತೀರ್ಮಾನಿಸಿ, 2011ರ ಕೊನೆಯಲ್ಲಿ ತುರ್ತು ಆಡಳಿತಾಧಿಕಾರಿಯನ್ನು ತಂದು ಕೂರಿಸಿತು. ಜನರು ಆರಿಸಿದ ಮೇಯರ್, ನಗರಸಭೆ ಹೆಸರಿಗಷ್ಟೇ ಉಳಿದವು. 2012ರ ಜನಮತದಲ್ಲಿ ರಾಜ್ಯದ ಮತದಾರರು, ಇಂಥ ನೇಮಕಕ್ಕೆ ಅವಕಾಶ ಕೊಟ್ಟಿದ್ದ ಕಾಯ್ದೆಯನ್ನು ತಿರಸ್ಕರಿಸಿದರು. ಕೆಲವೇ ವಾರಗಳಲ್ಲಿ ಅಂಥದ್ದೇ ಇನ್ನೊಂದು ಕಾಯ್ದೆ ಬಂತು. ಪಾಲು ತಡೆಹಿಡಿದವರೇ ಕೊರತೆಯ ವಿಚಾರಣೆಗೆ ಕೂತಿದ್ದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಅಧಿಕಾರಿಗೆ ಒಪ್ಪಿಸಿದ್ದು ಒಂದೇ ಕೆಲಸ, ಉಳಿತಾಯ. ಡೆಟ್ರಾಯಿಟ್‌ನಿಂದ ಕೊಳ್ಳುತ್ತಿದ್ದ ಸರೋವರದ ನೀರು ದುಬಾರಿಯಾಗಿತ್ತು. ಹೊಸ ಕೊಳವೆ ಮಾರ್ಗವೊಂದಕ್ಕೆ ಸೇರಲು ನಗರಸಭೆಯೂ ಒಪ್ಪಿತ್ತು. ಆ ಮಾರ್ಗ ಮುಗಿಯುವವರೆಗೆ ಫ್ಲಿಂಟ್ ನದಿಯ ನೀರೇ ಸಾಕೆಂದು ರಾಜ್ಯ ನೇಮಿಸಿದ್ದ ಆಡಳಿತ ನಿರ್ಧರಿಸಿತು. 2014ರ ಏಪ್ರಿಲ್ 25ರಂದು ನದಿ ನೀರು ಹರಿಯತೊಡಗಿತು. ಕೊಳವೆಯ ಸವೆತ ತಡೆಯುವ ಫಾಸ್ಫೇಟನ್ನು ಅದಕ್ಕೆ ಬೆರೆಸಲಿಲ್ಲ. ದಿನಕ್ಕೆ ನೂರು ಡಾಲರ್ ಆಸುಪಾಸಿನ ಖರ್ಚದು ಎಂದು ತಜ್ಞರು ಆಮೇಲೆ ಹೇಳಿದರು. ಹಳೆಯ ಕೊಳವೆಗಳ ಸೀಸ ಕರಗಿ ಮನೆಮನೆಯ ನಲ್ಲಿಗೆ ಬಂತು. ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿರುವುದನ್ನು ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟಿಶಾ 2015ರ ಸೆಪ್ಟೆಂಬರ್‌ನಲ್ಲಿ ಅಂಕಿಅಂಶ ಸಮೇತ ಬಯಲಿಗಿಟ್ಟಾಗ ಅಧಿಕಾರಿಗಳು ಮೊದಲು ಅಲ್ಲಗಳೆದರು. ಅದೇ ಅವಧಿಯಲ್ಲಿ ಲೀಜನೇರ್ಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಕನಿಷ್ಠ 12 ಮಂದಿ ಬಲಿಯಾದರು. ಅಕ್ಟೋಬರ್‌ನಲ್ಲಿ ಡೆಟ್ರಾಯಿಟ್ ನೀರು ವಾಪಸ್ ಬಂತು. ಹಾಳಾದ ಕೊಳವೆಗಳು ನೆಲದಡಿಯಲ್ಲಿ ಹಾಗೇ ಉಳಿದವು.

ಫಾಸ್ಫೇಟ್ ಬೆರೆಸದಿದ್ದುದು ಅಧಿಕಾರಿಗಳ ತಪ್ಪು. ಅದನ್ನು ಬಜೆಟ್ ಕಡಿತದ ತಲೆಗೆ ಕಟ್ಟಲಾಗದು. ಆದರೆ ಕೊರತೆಯಿಲ್ಲದ ನಗರದಲ್ಲಿ ತುರ್ತು ಆಡಳಿತಾಧಿಕಾರಿಗೆ ಜಾಗವೇ ಇರುತ್ತಿರಲಿಲ್ಲ.

ಮಿಷಿಗನ್ ನಗರಗಳ ಒಕ್ಕೂಟ 2014ರಲ್ಲಿ ಲೆಕ್ಕ ಮಾಡಿ ತೋರಿಸಿತು: 2003ರಿಂದ 2013ರವರೆಗೆ ರಾಜ್ಯವು ನಗರಗಳಿಗೆ ಕೊಡದೆ ಬೇರೆಡೆಗೆ ತಿರುಗಿಸಿದ ಹಣ ಸುಮಾರು 620 ಕೋಟಿ ಡಾಲರ್. ಅದರಲ್ಲಿ ಫ್ಲಿಂಟ್‌ನ ಪಾಲು 5.49 ಕೋಟಿ. ನಗರದ 2012ರ ಕೊರತೆ 1.92 ಕೋಟಿ, ಬಾಂಡ್ ಸಾಲ 3 ಕೋಟಿ. ಎರಡನ್ನೂ ತೀರಿಸಿ ಇನ್ನೂ ಮಿಗುತ್ತಿತ್ತು. ಕೊನೆಗೆ ನೊಂದವರು ಹೂಡಿದ ಮೊಕದ್ದಮೆಗಳ ಇತ್ಯರ್ಥಕ್ಕೆ 2020ರಲ್ಲಿ ಮಿಷಿಗನ್ ಸರ್ಕಾರ ಒಪ್ಪಿಕೊಂಡ ಮೊತ್ತ 60 ಕೋಟಿ ಡಾಲರ್, ಫ್ಲಿಂಟ್‌ಗೆ ಕೊಡದೆ ಉಳಿಸಿದ್ದರ ಸುಮಾರು ಹನ್ನೊಂದು ಪಟ್ಟು.